ಸಣ್ಣ ಊರಿನ ಮಳಿಗೆ, ಗೋದಾಮುಗಳಿಗೆ ಅಗ್ನಿಸುರಕ್ಷತಾ ನಿಯಮಗಳು ಅನ್ವಯಿಸುವ ಬಗೆ

ಅಗ್ನಿಸುರಕ್ಷತೆಯ ಕಾನೂನು ಎಂದೊಡನೆ ನಮ್ಮ ವರ್ತಕರಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರಿನ ಬಹುಮಹಡಿ ಕಟ್ಟಡಗಳು. ‘ನಮ್ಮದು ನೆಲಮಳಿಗೆ, ಮೇಲೊಂದು ಮಹಡಿ, ನಮಗೆ ಫೈರ್ ಎನ್‌ಒಸಿ ಬೇಕಾಗಿಲ್ಲ’ ಎಂಬ ಮಾತು ಅರಸೀಕೆರೆಯ ಕೊಬ್ಬರಿ ಮಂಡಿಗಳಲ್ಲಿಯೂ ಬೇಲೂರಿನ ವಸತಿಗೃಹಗಳಲ್ಲಿಯೂ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಈ ಮಾತು ಬಹುಮಟ್ಟಿಗೆ ನಿಜ. ಆದರೆ ಅದರಿಂದ ‘ಹಾಗಾದರೆ ನಮಗೆ ಯಾವ ನಿಯಮವೂ ಇಲ್ಲ’ ಎಂದು ತೆಗೆಯುವ ತೀರ್ಮಾನ ಸರಿಯಲ್ಲ. ನಮ್ಮ ಊರುಗಳಲ್ಲಿ ಸುರಕ್ಷತಾ ನಿಯಮವು ಕಟ್ಟಡದ ಎತ್ತರದ ಮೂಲಕ ಬರುವುದು ಅಪರೂಪ. ಅದು ಬರುವುದು ಕಟ್ಟಡದ ಒಳಗಿರುವ ಸರಕು, ಅಲ್ಲಿ ದುಡಿಯುವ ಜನರ ಸಂಖ್ಯೆ, ಕಟ್ಟಡ ನಿಂತಿರುವ ಜಾಗ, ಇವುಗಳ ಮೂಲಕ. ಇನ್ಸ್‌ಪೆಕ್ಟರರು ವರ್ಷಗಟ್ಟಲೆ ಬಾರದಿರಬಹುದು. ಬೆಂಕಿ ಬಿದ್ದ ಮೂರನೆಯ ದಿನ ವಿಮಾ ಸರ್ವೇಯರರು ಬಂದೇ ಬರುತ್ತಾರೆ. ಅವರು ಕೇಳುವ ಮೊದಲ ಕಾಗದಗಳು ಇವೇ.

ಕಾನೂನಿನ ಮೂಲ

ಈ ವಿಷಯದಲ್ಲಿ ಒಂದೇ ಪುಸ್ತಕ, ಒಂದೇ ಕಚೇರಿ ಇಲ್ಲದಿರುವುದೇ ಗೊಂದಲಕ್ಕೆ ಕಾರಣ. ತಾಂತ್ರಿಕ ಮಾನದಂಡಗಳು ಇರುವುದು ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ. 1970ರಲ್ಲಿ ಮೊದಲ ಬಾರಿಗೆ ಹೊರಬಂದ ಈ ಸಂಹಿತೆ 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಯಿತು. ಅದರ ನಾಲ್ಕನೆಯ ಭಾಗ ಸಂಪೂರ್ಣವಾಗಿ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲು. ಆದರೆ ಈ ಸಂಹಿತೆ ತನ್ನಷ್ಟಕ್ಕೆ ಕಾನೂನಲ್ಲ, ಅದು ಶಿಫಾರಸು. ರಾಜ್ಯ ಸರ್ಕಾರವೋ ಸ್ಥಳೀಯ ಸಂಸ್ಥೆಯೋ ತನ್ನ ಉಪವಿಧಿಗಳಲ್ಲಿ ಅದನ್ನು ಅಳವಡಿಸಿಕೊಂಡಾಗ ಮಾತ್ರ ಅದಕ್ಕೆ ಕಾನೂನಿನ ಬಲ ಬರುತ್ತದೆ.

ಬಲ ಕೊಡುವ ಕಾನೂನುಗಳು ಮುಖ್ಯವಾಗಿ ಎರಡು, ಎರಡೂ 1964ರ ಕೂಸುಗಳೇ. ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ಕಟ್ಟಡದ ನಕ್ಷೆಗೆ ಅನುಮೋದನೆ, ಉದ್ದಿಮೆ ಪರವಾನಗಿ ಇತ್ಯಾದಿ ಅಧಿಕಾರ ಅರಸೀಕೆರೆ ನಗರಸಭೆಗೂ ಬೇಲೂರು ಪುರಸಭೆಗೂ ಇದೆ. ಗ್ರಾಮ ಪಂಚಾಯಿತಿಯ ಆಡಳಿತದಲ್ಲಿ ಬೆಳೆದ ಹಳೇಬೀಡಿನಂಥ ಊರುಗಳಲ್ಲಿ ಇದೇ ಕೆಲಸವನ್ನು 1993ರ ಪಂಚಾಯತ್ ರಾಜ್ ಅಧಿನಿಯಮ ಮಾಡುತ್ತದೆ. ಎರಡನೆಯದು ಅಗ್ನಿಶಾಮಕ ದಳದ ಅಧಿನಿಯಮ. ಬೆಂಕಿಯ ಅಪಾಯವಿರುವ ಯಾವುದೇ ವರ್ಗದ ಸ್ಥಳಗಳ ಮಾಲೀಕರು ಅಥವಾ ಅನುಭೋಗದಾರರು ಇಂತಿಂಥ ಮುನ್ನೆಚ್ಚರಿಕೆ ಕೈಗೊಳ್ಳತಕ್ಕದ್ದು ಎಂದು ಅಧಿಸೂಚನೆ ಹೊರಡಿಸುವ ಅಧಿಕಾರವನ್ನು ಅದರ 13ನೆಯ ಪ್ರಕರಣ ಸರ್ಕಾರಕ್ಕೆ ಕೊಡುತ್ತದೆ. ಇಲ್ಲಿ ‘ಅನುಭೋಗದಾರರು’ ಎಂಬ ಪದವನ್ನು ಗಮನಿಸಬೇಕು. ಬಾಡಿಗೆ ಮಳಿಗೆಯವರೂ ಇದರೊಳಗೆ ಬರುತ್ತಾರೆ. ‘ಕಟ್ಟಡ ನನ್ನದಲ್ಲ’ ಎಂಬ ಉತ್ತರ ನಡೆಯದು.

ಸಂವಿಧಾನದ ಹನ್ನೆರಡನೆಯ ಅನುಸೂಚಿಯು ಅಗ್ನಿಶಾಮಕ ಸೇವೆಯನ್ನು ನಗರ ಸ್ಥಳೀಯ ಸಂಸ್ಥೆಗಳ ಕಾರ್ಯಗಳಲ್ಲಿ ಸೇರಿಸಿದ್ದರೂ, ನಮ್ಮಲ್ಲಿ ಅದು ಗೃಹ ಇಲಾಖೆಯಡಿಯ ರಾಜ್ಯ ಸೇವೆಯಾಗಿಯೇ ಉಳಿದಿದೆ. ಹೀಗಾಗಿ ಕಟ್ಟಲು ಅನುಮತಿ ಕೊಡುವವರು ಒಬ್ಬರು, ಬೆಂಕಿ ಆರಿಸಲು ಬರುವವರು ಇನ್ನೊಬ್ಬರು. ಎತ್ತರದ ಕಟ್ಟಡಗಳ ವಿಷಯದಲ್ಲಿ ನಿರಾಕ್ಷೇಪಣಾ ಪತ್ರದ ಮೂಲಕ ಇವರಿಬ್ಬರೂ ಒಂದೆಡೆ ಸೇರುತ್ತಾರೆ. ತಗ್ಗು ಕಟ್ಟಡಗಳಲ್ಲಿ ಹೀಗೆ ಸೇರುವ ಸಂದರ್ಭ ಬಹಳ ಕಡಿಮೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡು 9 ಮಂದಿ ಸತ್ತರು. ಮಹಡಿಗಳನ್ನು ತುಂಬಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಉಸಿರು ಕಟ್ಟಿದವರು ಕಿಟಕಿಯಿಂದ ಹಾರಿದರು. ಆ ಬಳಿಕ 2011ರಲ್ಲಿ ಸರ್ಕಾರ ಹಳೆಯ ಎತ್ತರದ ಕಟ್ಟಡಗಳೂ ಅಗ್ನಿಸುರಕ್ಷತಾ ಕ್ರಮ ಅಳವಡಿಸಿಕೊಳ್ಳಬೇಕೆಂದು ಅಧಿಸೂಚನೆ ಹೊರಡಿಸಿತು. ನಮ್ಮ ಜನ ‘ಫೈರ್ ಎನ್‌ಒಸಿ’ ಎಂಬ ಪದವನ್ನು ಕಲಿತದ್ದು ಹೆಚ್ಚಾಗಿ ಆ ಕಾಲದಲ್ಲಿ. ರಾಷ್ಟ್ರೀಯ ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟದ್ದು ಎತ್ತರದ ಕಟ್ಟಡ. ಆ ಮಿತಿ ಹದಿನೈದಿರಬೇಕೋ ಇನ್ನೂ ಮೇಲಿರಬೇಕೋ ಎಂಬ ಚರ್ಚೆ ರಾಜಧಾನಿಯ ನಿರ್ಮಾಣಗಾರರಿಗೆ ಮುಖ್ಯ. ನಮ್ಮ ಮಂಡಿಗಳಿಗೆ ಅದರಿಂದ ಆಗುವುದೇನೂ ಇಲ್ಲ.

ನಮಗೆ ಪಾಠವಾಗಬೇಕಾದದ್ದು ಬೇರೆ ಘಟನೆ. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಲಾರಿಯಿಂದ ಪಟಾಕಿ ಇಳಿಸುತ್ತಿದ್ದಾಗ ಮಳಿಗೆಗೆ ಬೆಂಕಿ ಹತ್ತಿ ಹದಿನಾಲ್ಕಕ್ಕೂ ಹೆಚ್ಚು ಜನ ಬಲಿಯಾದರು. ಅದು ಗಗನಚುಂಬಿ ಕಟ್ಟಡವಾಗಿರಲಿಲ್ಲ, ಹೆದ್ದಾರಿ ಬದಿಯ ಅಂಗಡಿ. ಅಲ್ಲಿನ ಅಪಾಯಕ್ಕೂ ಕಟ್ಟಡದ ಎತ್ತರಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಬಳಕೆಯ ವರ್ಗ ಮತ್ತು ನಿರ್ಗಮನ

ಸಂಹಿತೆಯು ಕಟ್ಟಡಗಳನ್ನು ಅವುಗಳ ಬಳಕೆಯ ಪ್ರಕಾರ ಒಂಬತ್ತು ವರ್ಗಗಳಾಗಿ ವಿಂಗಡಿಸುತ್ತದೆ: ವಾಸದ ಮನೆ ಮತ್ತು ವಸತಿಗೃಹ, ಶಾಲೆ, ಆಸ್ಪತ್ರೆಯಂಥ ಸಂಸ್ಥೆ, ಜನ ಸೇರುವ ಸಭಾಂಗಣ, ಕಚೇರಿ, ಅಂಗಡಿ, ಕೈಗಾರಿಕೆ, ದಾಸ್ತಾನು, ಅಪಾಯಕಾರಿ ಬಳಕೆ. ಮೆಟ್ಟಿಲಿನ ಅಗಲ, ಬಾಗಿಲುಗಳ ಸಂಖ್ಯೆ, ನೀರಿನ ತೊಟ್ಟಿ ಎಲ್ಲವೂ ಈ ವರ್ಗವನ್ನೇ ಅವಲಂಬಿಸಿರುತ್ತವೆ. ಒಂದೇ ಗೋಡೆ, ಒಂದೇ ಸೂರು. ಒಳಗೆ ಮನೆಯಿದ್ದರೆ ಒಂದು ನಿಯಮ, ಕೊಬ್ಬರಿ ತುಂಬಿದರೆ ಬೇರೆ ನಿಯಮ.

ನಮ್ಮ ಭಾಗದ ಹಳೆಯ ಪೇಟೆಗಳ ಕಟ್ಟಡಗಳು ಈ ವಿಂಗಡಣೆಗೆ ಸುಲಭವಾಗಿ ಒಗ್ಗುವುದಿಲ್ಲ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಅಟ್ಟದಲ್ಲಿ ದಾಸ್ತಾನು. ಮೂರು ವರ್ಗಗಳು ಒಂದೇ ಸೂರಿನಡಿ ಇವೆ. ನಕ್ಷೆ ಅನುಮೋದನೆಯಾದದ್ದು ಮನೆಗೆ, ಹತ್ತು ವರ್ಷದ ನಂತರ ಅದೇ ಗೋದಾಮು. ಕಟ್ಟಡದಲ್ಲಿ ಒಂದು ಇಟ್ಟಿಗೆಯೂ ಕದಲಿಲ್ಲವಾದ್ದರಿಂದ ಏನೂ ಬದಲಾಗಿಲ್ಲವೆಂದು ಮಾಲೀಕರು ಭಾವಿಸುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಬಳಕೆಯ ಬದಲಾವಣೆಯೂ ಅನುಮತಿ ಬೇಡುವ ಬದಲಾವಣೆಯೇ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ವಾಧೀನಾನುಭವ ಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಪರವಾನಗಿ ಕೊಡಕೂಡದು, ಬ್ಯಾಂಕುಗಳೂ ಈ ಪತ್ರವನ್ನು ಪರಿಶೀಲಿಸಿಯೇ ಸಾಲ ನೀಡಬೇಕು ಎಂದು ನಿರ್ದೇಶಿಸಿತು. ರಾಜ್ಯದಲ್ಲಿ 2025ರಲ್ಲಿ ಹೊಸ ವಿದ್ಯುತ್ ಸಂಪರ್ಕ ಕೋರಿದ ಅನೇಕರಿಗೆ ಅದರ ಬಿಸಿ ನೇರವಾಗಿ ತಟ್ಟಿತು. ಇದುವರೆಗೆ ಬೀರುವಿನಲ್ಲಿ ಮಡಚಿಟ್ಟಿದ್ದ ನಕ್ಷೆಯನ್ನು ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

ನಿರ್ಗಮನದ ನಿಯಮಗಳು ಸರಳ. ಹೊರಹೋಗುವ ಬಾಗಿಲಿನ ಅಗಲ 1 ಮೀಟರಿಗೆ ಕಡಿಮೆ ಇರಬಾರದು. ಅಂಗಡಿ, ಗೋದಾಮುಗಳ ಮೆಟ್ಟಿಲು ಒಂದೂವರೆ ಮೀಟರ್ ಅಗಲವಿರಬೇಕು. ಬಾಗಿಲು ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು. ಹಳೆಯ ಕಟ್ಟಡದ ಮೆಟ್ಟಿಲನ್ನು ಅಗಲಗೊಳಿಸುವುದು ಎಲ್ಲರಿಗೂ ಸಾಧ್ಯವಾಗದು. ಆದರೆ ಕೊನೆಯ ನಿಯಮಕ್ಕೆ ಖರ್ಚೇ ಇಲ್ಲ, ಅದನ್ನೇ ನಾವು ಹೆಚ್ಚು ಮುರಿಯುತ್ತೇವೆ. ರಾತ್ರಿ ಅಂಗಡಿಯೊಳಗೆ ಆಳೊಬ್ಬನನ್ನು ಮಲಗಿಸಿ ಹೊರಗಿನಿಂದ ರೋಲಿಂಗ್ ಶಟರಿಗೆ ಬೀಗ ಹಾಕುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಕಳ್ಳತನದ ಭಯಕ್ಕೆ ಮಾಡುವ ಈ ಏರ್ಪಾಡಿನ ಕಾನೂನಿನ ಪರಿಣಾಮವನ್ನು ಮುಂದೆ ಹೇಳುತ್ತೇನೆ.

ಕೊಬ್ಬರಿ, ನಾರು, ಇದ್ದಿಲು

ಅರಸೀಕೆರೆಯ ವರ್ತಕರು ತಮ್ಮ ಸರಕನ್ನು ಅಪಾಯಕಾರಿ ಎಂದು ಭಾವಿಸುವುದಿಲ್ಲ. ತಿನ್ನುವ ಪದಾರ್ಥದಲ್ಲಿ ಅಪಾಯವೇನು? ಆದರೆ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆ ಇದೆ. ಅದನ್ನು ಸೇರಿಸಿರುವ 4.2 ಎಂಬ ವರ್ಗ ತಾನಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳದು. ಸರಿಯಾಗಿ ಒಣಗಿದ ಕೊಬ್ಬರಿಯಲ್ಲಿ ತೇವಾಂಶ ಶೇ. 6-7ರಷ್ಟಿರುತ್ತದೆ. ಹಸಿ ಉಳಿದ ಕೊಬ್ಬರಿಯನ್ನು ಚೀಲಗಳಲ್ಲಿ ತುಂಬಿ ಒತ್ತೊತ್ತಾಗಿ ಅಟ್ಟಿ ಹಾಕಿದರೆ ಬೂಷ್ಟು ಬೆಳೆಯುತ್ತದೆ, ಅದರಿಂದ ಶಾಖ ಹುಟ್ಟುತ್ತದೆ, ಅಟ್ಟಿಯ ನಡುವೆ ಆ ಶಾಖ ಹೊರಹೋಗಲು ದಾರಿಯಿರುವುದಿಲ್ಲ. ನಮ್ಮ ಹಿರಿಯರು ಚೀಲಗಳ ನಡುವೆ ಓಣಿ ಬಿಡುತ್ತಿದ್ದುದು, ನೆಲಕ್ಕೆ ಹಲಗೆ ಹಾಸುತ್ತಿದ್ದುದು, ನಡುನಡುವೆ ಚೀಲ ಬಿಚ್ಚಿ ಕೈಯಾಡಿಸಿ ನೋಡುತ್ತಿದ್ದುದು ಕೇವಲ ಸರಕು ಕೆಡದಿರಲೆಂದಲ್ಲ. ಹಡಗಿನಲ್ಲಿ ಕೊಬ್ಬರಿ ಸಾಗಿಸುವವರಿಗೆ ನಿಯಮ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಚಿಪ್ಪಿನ ಇದ್ದಿಲಿನದು ಇದಕ್ಕಿಂತ ಕಟ್ಟುನಿಟ್ಟಿನ ವಿಷಯ. ಸುಟ್ಟು ತೆಗೆದ ಇದ್ದಿಲನ್ನು ಪೂರ್ತಿ ಆರುವ ಮೊದಲೇ ಚೀಲಕ್ಕೆ ತುಂಬಿದರೆ ರಾತ್ರಿ ಗಾಳಿ ತಾಗಿ ಮತ್ತೆ ಕಿಡಿ ಹಿಡಿಯುತ್ತದೆ. ಅದೇ ಪಟ್ಟಿಯಲ್ಲಿ ಅದರ ಸಂಖ್ಯೆ 1361, ವರ್ಗ ಅದೇ 4.2. ಸಮುದ್ರ ಮಾರ್ಗದ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಇದ್ದಿಲಿಗೆ ಹಿಂದೆ ಇದ್ದ ವಿನಾಯಿತಿಯನ್ನು ತೆಗೆದುಹಾಕಿದ ತಿದ್ದುಪಡಿ 2026ರ ಜನವರಿ 1ರಿಂದ ಕಡ್ಡಾಯವಾಗಿದೆ. ರಫ್ತುದಾರರಿಗೆ ಇದ್ದಿಲು ಒದಗಿಸುವ ಘಟಕಗಳು ಇದನ್ನು ಅರಿತಿರಬೇಕು. ಖರೀದಿದಾರರು ತಯಾರಿಕೆಯ ದಿನಾಂಕ, ತಣಿಸಿದ ಅವಧಿಯ ದಾಖಲೆ ಕೇಳಿದರೆ ಅದು ಅವರ ಕಿರಿಕಿರಿಯಲ್ಲ.

ತೆಂಗಿನ ನಾರು ತಾನಾಗಿ ಹೊತ್ತಿಕೊಳ್ಳುವುದಕ್ಕಿಂತ ಹೊರಗಿನ ಕಿಡಿಗೆ ಬಲಿಯಾಗುವುದೇ ಹೆಚ್ಚು: ಮೋಟಾರಿನ ಬಿಸಿ, ವೆಲ್ಡಿಂಗಿನ ಕಿಡಿ, ತಂತಿಯ ಸಡಿಲ ಜೋಡಣೆ. ಗಾಳಿಯಲ್ಲಿ ತೇಲುವ ಧೂಳು ಸ್ವಿಚ್‌ಬೋರ್ಡಿನೊಳಗೆ ಕೂರುತ್ತದೆ. ಐದು ಅಶ್ವಶಕ್ತಿಗೆ ಮಂಜೂರಾತಿ ಪಡೆದು ಹದಿನೈದರ ಯಂತ್ರ ಓಡಿಸುವ ಘಟಕದಲ್ಲಿ ದಂಡ ವಿಧಿಸುವವರು ಚೆಸ್ಕಾಂನವರಾದರೂ, ಅದರ ನಿಜವಾದ ಬೆಲೆ ಕಟ್ಟುವುದು ಕಾದ ತಂತಿ. ಪುಡಿ ತುಂಬಿದ ಅಗ್ನಿಶಾಮಕ ಸಿಲಿಂಡರು ನಾರಿನ ಪಿಂಡಿಯ ಹೊರಗಿನ ಜ್ವಾಲೆಯನ್ನು ಆರಿಸುತ್ತದೆ, ಒಳಗಿನ ಕೆಂಡವನ್ನು ಆರಿಸದು. ಅದಕ್ಕೆ ನೀರೇ ಬೇಕು. ಆದ್ದರಿಂದ ಎರಡು ಸಿಲಿಂಡರು ತೂಗುಹಾಕಿ ನೀರಿನ ತೊಟ್ಟಿಯನ್ನು ಖಾಲಿ ಬಿಡುವುದು ಈ ಉದ್ದಿಮೆಗೆ ತಕ್ಕ ವ್ಯವಸ್ಥೆಯಲ್ಲ.

ಇನ್ನು ಪ್ರಮಾಣದ ಮಿತಿಗಳು. ಇವು ಕೇಂದ್ರದ ಕಾನೂನುಗಳು, ಕಟ್ಟಡ ಗುಡಿಸಲಾದರೂ ಅನ್ವಯಿಸುತ್ತವೆ. 2016ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ ಒಂದು ಸ್ಥಳದಲ್ಲಿ ಒಮ್ಮೆಗೆ 100 ಕಿಲೋ ಎಲ್‌ಪಿಜಿವರೆಗೆ ಪರವಾನಗಿ ಬೇಕಿಲ್ಲ. ಹೋಟೆಲಿನವರು ಬಳಸುವ 19 ಕಿಲೋ ಸಿಲಿಂಡರು ಐದಾದರೆ 95 ಕಿಲೋ, ಆರನೆಯದು ಬಂದೊಡನೆ 114. ಬೇಲೂರಿನಲ್ಲಿ ಚನ್ನಕೇಶವನ ರಥೋತ್ಸವದ ದಿನಗಳಲ್ಲಿ ‘ಇರಲಿ, ಇನ್ನೆರಡು’ ಎಂದು ತರಿಸಿಡುವ ಹೋಟೆಲಿನವರು ಲೆಕ್ಕ ಹಾಕಿಕೊಳ್ಳಲಿ. ಪೆಟ್ರೋಲಿಯಂ ಅಧಿನಿಯಮದಡಿ ಡೀಸೆಲ್‌ನಂಥ ಬಿ ವರ್ಗದ ಇಂಧನ 2,500 ಲೀಟರ್‌ವರೆಗೆ, ಯಾವ ಪೀಪಾಯಿಯೂ 1,000 ಲೀಟರ್ ಮೀರದಂತೆ, ಪರವಾನಗಿಯಿಲ್ಲದೆ ಇಡಬಹುದು. ಪೆಟ್ರೋಲಿನ ವಿಷಯದಲ್ಲಿ ಮಿತಿ ಕೇವಲ 30 ಲೀಟರ್, ಅದೂ ಮಾರಾಟಕ್ಕಲ್ಲ. ದೀಪಾವಳಿಯ ತಾತ್ಕಾಲಿಕ ಪಟಾಕಿ ಅಂಗಡಿಗಳಿಗೆ 2008ರ ಸ್ಫೋಟಕ ನಿಯಮಗಳು ಅನ್ವಯ: ಬೆಂಕಿ ಹಿಡಿಯದ ಸಾಮಗ್ರಿಯ ಶೆಡ್ಡು, ಶೆಡ್ಡುಗಳ ನಡುವೆ ಕನಿಷ್ಠ 3 ಮೀಟರ್, ಮನೆ ಮತ್ತಿತರ ಸಂರಕ್ಷಿತ ಕಟ್ಟಡಗಳಿಂದ 50 ಮೀಟರ್, ಒಂದಕ್ಕೊಂದು ಎದುರುಬದುರಾಗಕೂಡದು. ಕಿರಾಣಿ ಅಂಗಡಿಯ ಮುಂದೆ ಮೇಜು ಹಾಕಿ ಪಟಾಕಿ ಮಾರುವುದು ಈ ನಿಯಮಗಳಿಗೆ ಎಲ್ಲಿಯೂ ಹೊಂದುವುದಿಲ್ಲ.

ದೇವಾಲಯದ ಸುತ್ತಲಿನ ಮಳಿಗೆಗಳು

ಬೇಲೂರು, ಹಳೇಬೀಡಿನ ಸದಸ್ಯರಿಗೆ ಇನ್ನೊಂದು ಕಾನೂನು ಅಡ್ಡ ಬರುತ್ತದೆ. ಪ್ರಾಚೀನ ಸ್ಮಾರಕಗಳ 1958ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಅಳತೆ ಆರಂಭವಾಗುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ, ಕೇದಾರೇಶ್ವರ, ಬಸದಿಗಳು ಹೀಗೆ ಸ್ಮಾರಕಗಳು ಹತ್ತಿರ ಹತ್ತಿರವಿರುವುದರಿಂದ ಊರಿನ ಬಹುಭಾಗ ಯಾವುದಾದರೊಂದು ವಲಯದೊಳಗೆ ಬೀಳುತ್ತದೆ. ಅರಸೀಕೆರೆಯ ಈಶ್ವರ ದೇವಾಲಯವೂ ಕೇಂದ್ರ ಸಂರಕ್ಷಿತ ಸ್ಮಾರಕವೇ ಎಂಬುದನ್ನು ಆ ಸುತ್ತಿನವರು ಮರೆಯಬಾರದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರ ನಿರೀಕ್ಷೆಯಲ್ಲಿ ವಸತಿಗೃಹ, ಉಪಾಹಾರಗೃಹಗಳನ್ನು ವಿಸ್ತರಿಸುವ ಆಸೆ ಸಹಜ.

ಇಲ್ಲಿಯೇ ಎರಡು ಕಾನೂನುಗಳು ಎದುರಾಗುತ್ತವೆ. ವಸತಿಗೃಹದವರು ಅಗ್ನಿಸುರಕ್ಷತೆಗೆಂದು ಹೊರಗೋಡೆಗೆ ಎರಡನೆಯ ಮೆಟ್ಟಿಲು ಕಟ್ಟಲು ಹೊರಡುತ್ತಾರೆ ಎಂದುಕೊಳ್ಳೋಣ. ಕಟ್ಟಡದ ಅಡ್ಡ ಅಥವಾ ಮೇಲ್ಮುಖ ವಿಸ್ತರಣೆಯೂ ‘ನಿರ್ಮಾಣ’ ಎಂದು ಸ್ಮಾರಕಗಳ ಅಧಿನಿಯಮ ಹೇಳುತ್ತದೆ, ನಿಷೇಧಿತ ವಲಯದಲ್ಲಿ ನಿರ್ಮಾಣಕ್ಕೆ ಅವಕಾಶವಿಲ್ಲ. ಉಲ್ಲಂಘಿಸಿದರೆ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸದುದ್ದೇಶ ಇಲ್ಲಿ ರಕ್ಷಣೆಯಾಗದು. ಆದರೆ ದುರಸ್ತಿ ಮತ್ತು ನವೀಕರಣವನ್ನು ಅದೇ ಅಧಿನಿಯಮ ‘ನಿರ್ಮಾಣ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ರಾಜ್ಯದ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಅನುಮತಿ ಪಡೆಯಬಹುದು. ಅರ್ಜಿಯನ್ನು 15 ದಿನಗಳಲ್ಲಿ ಕಳುಹಿಸಬೇಕು, ಪ್ರಾಧಿಕಾರ 2 ತಿಂಗಳಲ್ಲಿ ಶಿಫಾರಸು ತಿಳಿಸಬೇಕು ಎಂದು ಕಾಲಮಿತಿಯೂ ಇದೆ. ಆದ್ದರಿಂದ ಈ ವಲಯದವರು ಹೊರಗೆ ಸೇರಿಸುವ ಯೋಚನೆ ಬಿಟ್ಟು ಒಳಗೆ ಸರಿಪಡಿಸುವ ದಾರಿ ಹಿಡಿಯಬೇಕು: ಮೆಟ್ಟಿಲ ಬುಡದಲ್ಲಿ ತುಂಬಿಟ್ಟ ಹಾಸಿಗೆ, ಖಾಲಿ ಡಬ್ಬಗಳನ್ನು ತೆಗೆಯುವುದು, ಅಡುಗೆಮನೆಯನ್ನು ಗೋಡೆಯಿಂದ ಬೇರ್ಪಡಿಸುವುದು, ತಂತಿಗಳನ್ನು ಹೊಸದಾಗಿ ಎಳೆಸುವುದು, ಹಿಂಬಾಗಿಲನ್ನು ಬಳಕೆಗೆ ತರುವುದು. ಸುಮಾರು 16 ಕಿಲೋಮೀಟರ್ ದೂರದ ಬೇಲೂರಿನಿಂದ ಹಳೇಬೀಡಿಗೆ ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ನೆರವಿಗೆ ಬರುವುದು ಇವೇ.

ಕೆಲಸಗಾರರು ಮತ್ತು ಹೊಣೆ

1948ರ ಕಾರ್ಖಾನೆಗಳ ಅಧಿನಿಯಮದ ಸ್ಥಾನದಲ್ಲಿ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಿಂದೆ ವಿದ್ಯುತ್ ಬಳಸುವ ಘಟಕದಲ್ಲಿ 10 ಜನರಿದ್ದರೆ ಅದು ಕಾರ್ಖಾನೆ. ಈಗ ಆ ಸಂಖ್ಯೆ 20. ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40. ಹನ್ನೆರಡು ಜನರ ನಾರಿನ ಘಟಕದವರು ‘ನಾವು ಹೊರಗಾದೆವು’ ಎಂದು ನಿಟ್ಟುಸಿರು ಬಿಟ್ಟಿರಬಹುದು. ಅವರು ‘ಕಾರ್ಖಾನೆ’ ಎಂಬ ಹೆಸರಿನಿಂದ ಹೊರಗಾಗಿದ್ದಾರೆ ಅಷ್ಟೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಪ್ರತಿಯೊಂದು ಸಂಸ್ಥೆಗೂ ಸಂಹಿತೆ ಅನ್ವಯಿಸುತ್ತದೆ, ಅಪಾಯರಹಿತ ಕೆಲಸದ ಜಾಗ ಒದಗಿಸುವ ಕರ್ತವ್ಯ ಮಾಲೀಕರ ಮೇಲೆ ಉಳಿದೇ ಇದೆ.

ಮೇಲೆ ಹೇಳಿದ ಬೀಗದ ವಿಷಯಕ್ಕೆ ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದಡಿ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಹಳೆಯ ದಂಡ ಸಂಹಿತೆಯಲ್ಲಿ ಅದು 2 ವರ್ಷವಿತ್ತು. ಉರಿಯುವ ವಸ್ತುಗಳ ವಿಷಯದಲ್ಲಿ ನಿರ್ಲಕ್ಷ್ಯ ತೋರುವುದೇ, ಯಾರೂ ಸಾಯದಿದ್ದರೂ, 287ನೆಯ ಪ್ರಕರಣದಡಿ ಪ್ರತ್ಯೇಕ ಅಪರಾಧ. ಅಂಗಡಿಯ ಕಳ್ಳತನಕ್ಕೆ ವಿಮೆ ಸಿಗುತ್ತದೆ, ಈ ಹೊಣೆಗೆ ಸಿಗುವುದಿಲ್ಲ.

ವಿಮೆಯ ಲೆಕ್ಕ

ಲೆಕ್ಕಪತ್ರ ತಪಾಸಣೆಗೆ ಹೋದ ಕಡೆ ನಾನು ಪಾಲಿಸಿಯ ಪ್ರತಿ ಕೇಳುವುದುಂಟು. ಹೆಚ್ಚಿನ ಕಡೆ ಬರುವ ಉತ್ತರ, ‘ಬ್ಯಾಂಕಿನವರೇ ಮಾಡಿಸಿದ್ದಾರೆ, ಅವರ ಹತ್ತಿರವೇ ಇದೆ.’ ಓದದ ಪಾಲಿಸಿಯಲ್ಲಿ ಏನಿದೆಯೆಂದು ಬೆಂಕಿ ಬಿದ್ದ ಮೇಲೆ ತಿಳಿಯುವುದು ದುಬಾರಿ. ಮುಖ್ಯವಾಗಿ ನೋಡಬೇಕಾದದ್ದು ವಿಳಾಸ, ವಿವರಣೆ ಮತ್ತು ಮೊತ್ತ.

ವಿಮೆ ಇರುವುದು ಪಾಲಿಸಿಯಲ್ಲಿ ಬರೆದ ಸ್ಥಳದ ದಾಸ್ತಾನಿಗೆ. ಸುಗ್ಗಿಯಲ್ಲಿ ಜಾಗ ಸಾಲದೆ ಬಂಧುಗಳ ಗೋದಾಮಿನಲ್ಲಿ ಇಟ್ಟ ಇನ್ನೂರು ಚೀಲ ಆ ವಿಳಾಸದೊಳಗೆ ಬರುವುದಿಲ್ಲ. ಹಲವು ಕಡೆ ದಾಸ್ತಾನಿಡುವವರಿಗೆ ಫ್ಲೋಟರ್ ವ್ಯವಸ್ಥೆ, ತಿಂಗಳಿಂದ ತಿಂಗಳಿಗೆ ಏರಿಳಿಯುವ ದಾಸ್ತಾನಿಗೆ ಘೋಷಣಾ ವ್ಯವಸ್ಥೆ ಇದೆ, ಕೇಳಿ ಪಡೆಯಬೇಕು. ವಿವರಣೆಯ ವಿಷಯದಲ್ಲಿ ‘ಅಂಗಡಿ’ ಎಂದು ಬರೆಸಿ ಇದ್ದಿಲಿನ ಗೋದಾಮು ನಡೆಸಿದರೆ, ಅದು ಅಪಾಯದ ತಪ್ಪು ಚಿತ್ರಣವೆಂದು ಕಂಪನಿ ವಾದಿಸಲು ದಾರಿಯಾಗುತ್ತದೆ. ಕಟ್ಟಡ ನಿಯಮದ ಬಳಕೆಯ ವರ್ಗ ಮತ್ತು ವಿಮೆಯ ವಿವರಣೆ ಎರಡೂ ಒಂದೇ ಸತ್ಯವನ್ನು ಹೇಳಬೇಕು.

2021ರ ಏಪ್ರಿಲ್ 1ರಿಂದ ಸಣ್ಣ ಉದ್ದಿಮೆಗಳಿಗೆ ಹೊಸ ಪಾಲಿಸಿಗಳು ಬಂದಿವೆ. ಒಂದೇ ಸ್ಥಳದಲ್ಲಿ ಆಸ್ತಿ ಮೌಲ್ಯ 5 ಕೋಟಿ ರೂಪಾಯಿವರೆಗಿದ್ದರೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದರಾಚೆ 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಕೊಬ್ಬರಿ, ಇದ್ದಿಲಿನವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಹಿಂದಿನ ಸಾಮಾನ್ಯ ಅಗ್ನಿ ಪಾಲಿಸಿಯು ಸರಕು ತಾನಾಗಿ ಕಾದು ಹೊತ್ತಿಕೊಂಡರೆ ಆ ಸರಕಿನ ಹಾನಿಯನ್ನು ಹೊರಗಿಟ್ಟಿತ್ತು, ಹೆಚ್ಚುವರಿ ಪ್ರೀಮಿಯಂ ಕೊಟ್ಟು ಸೇರಿಸಬೇಕಿತ್ತು. ಹೊಸದರಲ್ಲಿ ಬೆಂಕಿಯ ವ್ಯಾಖ್ಯೆಯೊಳಗೇ ಅದು ಸೇರಿದೆ. ಹಾನಿಯ ನಂತರ ಮರುನಿರ್ಮಾಣ ಮಾಡುವಾಗ ಸ್ಥಳೀಯ ಸಂಸ್ಥೆಯ ನಿಯಮ ಪಾಲಿಸಲು ತಗಲುವ ಹೆಚ್ಚುವರಿ ವೆಚ್ಚಕ್ಕೂ ಅವಕಾಶವಿದೆ. ಹಾನಿಗೆ ಮೊದಲೇ ನೋಟೀಸು ಬಂದಿದ್ದು ಅದನ್ನು ಕಡೆಗಣಿಸಿದ್ದರೆ ಆ ವೆಚ್ಚ ಸಿಗದು. ನೋಟೀಸನ್ನು ಮೇಜಿನ ಖಾನೆಗೆ ತಳ್ಳುವವರು ಇದನ್ನು ಎರಡು ಸಲ ಓದಲಿ.

ಕೊನೆಯದು ಮೊತ್ತ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇದ್ದರೆ, ಅದೇ ವರ್ಷ ಮಾರುಕಟ್ಟೆ ದರ ಅದರ ಎರಡು ಪಟ್ಟನ್ನೂ ಮೀರಿತು. 300 ಕ್ವಿಂಟಲ್ ದಾಸ್ತಾನನ್ನು 12,000ದ ದರದಲ್ಲಿ 36 ಲಕ್ಷಕ್ಕೆ ವಿಮೆ ಮಾಡಿಸಿದವರ ಗೋದಾಮಿನಲ್ಲಿ ದರ 24,000ಕ್ಕೆ ಏರಿದಾಗ ಇದ್ದದ್ದು 72 ಲಕ್ಷದ ಸರಕು. ಆಗ 20 ಲಕ್ಷದ ಸರಕು ಸುಟ್ಟರೆ ‘ಪಾಲಿಸಿ 36 ಲಕ್ಷದ್ದು, 20 ಲಕ್ಷ ಪೂರ್ತಿ ಬರುತ್ತದೆ’ ಎಂದು ವರ್ತಕರು ಎಣಿಸುತ್ತಾರೆ. ಬರುವುದು 10 ಲಕ್ಷ. ಅರ್ಧ ಮೌಲ್ಯಕ್ಕೆ ಮಾತ್ರ ವಿಮೆಯಿದ್ದುದರಿಂದ ಉಳಿದರ್ಧಕ್ಕೆ ವರ್ತಕರೇ ವಿಮಾದಾರರು ಎಂಬುದು ಸರಾಸರಿ ನಿಯಮದ ತರ್ಕ. ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಯನ್ನು ಲೆಕ್ಕಿಸುವುದಿಲ್ಲವಾದರೂ ಶೇ. 50ರ ಕೊರತೆಗೆ ಅದು ಸಾಲದು. ದರ ಏರಿದ ವಾರವೇ ಮೊತ್ತ ಏರಿಸಲು ಪತ್ರ ಬರೆಯಬೇಕು, ನವೀಕರಣದವರೆಗೆ ಕಾಯಬಾರದು.

ಇದರ ಮೇಲೆ ಜಿಎಸ್‌ಟಿಯ ಹೊರೆಯೂ ಇದೆ. ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಅಧಿನಿಯಮದ 17(5)(ಎಚ್) ಪ್ರಕಾರ ಹಿಂದಿರುಗಿಸಬೇಕು. ಬೆಂಕಿಯಲ್ಲಿ ಸರಕೂ ಹೋಯಿತು, ಅದರ ತೆರಿಗೆಯನ್ನೂ ಕೈಯಿಂದ ಕಟ್ಟಬೇಕು. ತೆರಿಗೆಯನ್ನು ಬಿಟ್ಟು ಮೊತ್ತ ನಿಗದಿಪಡಿಸಿದವರಿಗೆ ಆ ಭಾಗ ವಿಮೆಯಿಂದಲೂ ಬರುವುದಿಲ್ಲ. ತೆರಿಗೆ ಸೇರಿಸಿ ವಿಮೆ ಮಾಡಿಸಬಹುದೆಂಬುದು ಬಹಳ ಮಂದಿಗೆ ತಿಳಿದಿಲ್ಲ.

ಬೆಂಕಿ ಬಿದ್ದರೆ ಅಗ್ನಿಶಾಮಕ ಠಾಣೆಗೆ ಕರೆ ಮಾಡುವುದು ನಂದಿಸಲು ಮಾತ್ರವಲ್ಲ. ಅವರ ವರದಿ ಕ್ಲೇಮಿನ ಆಧಾರ. ನೆರೆಹೊರೆಯವರೇ ನೀರು ಹಾಕಿ ಆರಿಸಿದರೂ ಠಾಣೆಗೆ ತಿಳಿಸಿರಬೇಕು. ವಿಮಾ ಕಂಪನಿಗೆ ಅಂದೇ ಬರಹದಲ್ಲಿ ತಿಳಿಸಿ, ಸರ್ವೇಯರರು ನೋಡುವವರೆಗೆ ಅವಶೇಷಗಳನ್ನು ತೆರವು ಮಾಡಬಾರದು. ದಾಸ್ತಾನು ಪುಸ್ತಕ, ಖರೀದಿ ಬಿಲ್ಲು, ನಕ್ಷೆ, ಪರವಾನಗಿ, ಪಾಲಿಸಿ ಇವುಗಳ ಒಂದೊಂದು ಪ್ರತಿ ಮಳಿಗೆಯ ಹೊರಗೆ, ಮನೆಯಲ್ಲೋ ಲೆಕ್ಕಪರಿಶೋಧಕರ ಬಳಿಯೋ ಇರಲಿ. ಸರಕಿನ ಜೊತೆಗೆ ಪುಸ್ತಕವೂ ಸುಟ್ಟ ಮಳಿಗೆಯಲ್ಲಿ ಎಷ್ಟು ಸರಕಿತ್ತೆಂದು ಸಾಬೀತುಪಡಿಸಲು ಬ್ಯಾಂಕಿಗೆ ಕಳುಹಿಸಿದ ಹಳೆಯ ದಾಸ್ತಾನು ಪಟ್ಟಿ ಮತ್ತು ಜಿಎಸ್‌ಟಿ ರಿಟರ್ನುಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಅವೆರಡೂ ತಾಳೆಯಾಗದಿದ್ದರೆ ಸರ್ವೇಯರರು ಕಡಿಮೆ ಇರುವುದನ್ನೇ ಹಿಡಿಯುತ್ತಾರೆ.